ಶೀಟು ಹಾಕಿಸಿದ್ದು ಹಳೇ ಮಾಲೀಕರು, ಒದ್ದೆಯಾಗಿದ್ದು ಕೆಳಗಿನ ಮನೆ: ಖರ್ಚು ಯಾರದು?

ಈ ಸಲ ಚಿಕ್ಕಮಗಳೂರು, ಹಾಸನದಿಂದ ಬಂದ ಪತ್ರಗಳೆಲ್ಲ ಹೆಚ್ಚು ಕಡಿಮೆ ಒಂದೇ ವಿಷಯದ ಮೇಲಿವೆ. ಫ್ಲ್ಯಾಟಿನ ಹೊರಗಡೆ ಯಾರೋ ಏನೋ ಮಾಡಿಸಿದ್ದಾರೆ, ಈಗ ಅದರ ಸೋರಿಕೆ, ಖರ್ಚು, ಜಗಳ ಯಾರ ತಲೆಗೆ ಅಂತ. ಮೊದಲ ಪತ್ರಕ್ಕೆ ಉದ್ದ ಉತ್ತರ ಕೊಟ್ಟಿದ್ದೇನೆ. ಉಳಿದವರೂ ಅದನ್ನು ಓದಿ, ಬೇಕಾದ್ದು ಬಹಳಷ್ಟು ಅಲ್ಲೇ ಇದೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಹನ್ನೆರಡು ಮನೆಗಳ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಕಳೆದ ವರ್ಷ ಫ್ಲ್ಯಾಟ್ ತಗೊಂಡೆವು. ನಮಗಿಂತ ಮುಂಚೆ ಇದ್ದವರು ಬಾಲ್ಕನಿಗೆ ಗ್ರಿಲ್ ಕೂರಿಸಿ, ಹೊರಗೆ ಚಾಚುವ ಹಾಗೆ ಶೀಟು ಹಾಕಿಸಿ, ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿಕೊಂಡು ಅಲ್ಲೇ ವಾಷಿಂಗ್ ಮೆಷಿನ್ ಇಟ್ಟಿದ್ದರು. ಈ ಮಳೆಗಾಲದಲ್ಲಿ ಕೆಳಗಿನ ಮನೆ ಅಜ್ಜಿಯ ರೂಮಿನ ಗೋಡೆ ಒದ್ದೆಯಾಗಿ ಪೇಂಟ್ ಉದುರುತ್ತಿದೆ. ನೀವೇ ರಿಪೇರಿ ಮಾಡಿಸಿ, ಅಜ್ಜಿ ಮನೆಗೂ ಪೇಂಟ್ ಹೊಡೆಸಿಕೊಡಿ ಅನ್ನುತ್ತಾರೆ ಸಂಘದವರು. ನಾವು ಒಂದು ಮೊಳೆ ಕೂಡ ಹೊಡೆದವರಲ್ಲ. ಬಿಲ್ಡರ್‌ಗೆ ಫೋನ್ ಮಾಡಿದರೆ, ನಾನು ಕೊಟ್ಟ ಬಾಲ್ಕನಿ ಅದಲ್ಲ ಅಂತ ಇಟ್ಟುಬಿಟ್ಟರು. ನಾವು ಯಾಕೆ ದುಡ್ಡು ಕೊಡಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀರು ಹೋಗುತ್ತಿರುವುದು ಆ ಶೀಟು, ಗ್ರಿಲ್ಲು, ಟೈಲ್ಸಿನ ಕೆಲಸದಿಂದಲೇ ಅಂತ ಗೊತ್ತಾದರೆ ಖರ್ಚು ನಿಮ್ಮದೇ. ಮಾಡಿಸಿದವರು ಯಾರೇ ಇರಲಿ, ಇವತ್ತು ಆ ಬಾಲ್ಕನಿ ನಿಮ್ಮ ಕೈಯಲ್ಲಿದೆ. ಶೀಟು ತೆಗೆಸಬೇಕಾದರೂ ನೀವೇ ಹೇಳಬೇಕು, ಬೇರೆಯವರಿಗೆ ಆ ಅಧಿಕಾರವಿಲ್ಲ. ನಮ್ಮ ಜಾಗದಿಂದ ಇನ್ನೊಬ್ಬರಿಗೆ ತೊಂದರೆ ಆಗುತ್ತಿದೆ ಅಂತ ತಿಳಿದ ಮೇಲೂ ಹಾಗೇ ಬಿಟ್ಟರೆ ಆ ತೊಂದರೆ ಮುಂದುವರಿಸಿದವರು ನಾವೇ ಆಗುತ್ತೇವೆ. ಕೋರ್ಟಿಗೆ ಹೋದರೂ ಇದನ್ನೇ ಹೇಳುತ್ತಾರೆ. ಆದರೆ ಇದರಲ್ಲಿ ಒಂದು "ಗೊತ್ತಾದರೆ" ಇದೆಯಲ್ಲ, ಅದನ್ನು ಮೊದಲು ಬಗೆಹರಿಸಿಕೊಳ್ಳಿ. ಸಂಘದವರು ಬಾಯಲ್ಲಿ ಹೇಳಿದರು ಅಂತ ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟುಬಿಡಬೇಡಿ.

ಯಾಕೆಂದರೆ ನೀರು ಕಾಣಿಸಿಕೊಳ್ಳುವ ಜಾಗ ಒಂದು, ಒಳಗೆ ಇಳಿಯುವ ಜಾಗ ಇನ್ನೊಂದು. ನಾನು ನೋಡಿದ ಇಂಥ ಬಾಲ್ಕನಿಗಳಲ್ಲಿ ಮೂರು ಕಡೆ ಎಡವಟ್ಟು ಆಗಿರುತ್ತದೆ. ಹಳೇ ಟೈಲ್ಸ್ ಕೀಳದೆ ಅದರ ಮೇಲೇ ಹೊಸದು ಕೂರಿಸಿರುತ್ತಾರೆ, ಮೊದಲು ಇದ್ದ ಇಳಿಜಾರು ಹೋಗಿ ನೀರು ಹೊರಗೆ ಹೋಗುವ ತೂತು ಅರ್ಧ ಮುಚ್ಚಿರುತ್ತದೆ. ಮೆಷಿನ್ ಪೈಪಿಗೆ ಅಂತ ನೆಲವನ್ನೋ ಗೋಡೆಯನ್ನೋ ಕೊರೆದು ಸುತ್ತ ಬರೀ ಬಿಳಿ ಸಿಮೆಂಟ್ ಮೆತ್ತಿರುತ್ತಾರೆ. ಮೂರನೆಯದು ಬೋಲ್ಟು. ಇದನ್ನು ಒಂದು ಸಲ ಹತ್ತಿರದಿಂದ ನೋಡಿ. ಶೀಟಿನ ಫ್ರೇಮು ಗೋಡೆಗೆ ಸೇರುವ ಕಡೆ ಬೋಲ್ಟಿನ ತಲೆಯ ಸುತ್ತ ಕಂದು ಬಣ್ಣದ ಗೆರೆ ಕೆಳಗಿಳಿದಿದ್ದರೆ, ಅದರ ಕೆಳಗೆ ಗಾರೆ ಸ್ವಲ್ಪ ಉಬ್ಬಿದ್ದು ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬಂದರೆ, ಅಲ್ಲಿಂದ ನೀರು ಒಳಗೆ ಹೋಗಿ ಎಷ್ಟೋ ದಿನವಾಗಿದೆ ಅಂತ ಅರ್ಥ. ನಮ್ಮ ಕಡೆ ಮಳೆ ನೆಟ್ಟಗೆ ಬೀಳುವುದಿಲ್ಲ, ಎರಚಲು ಹೊಡೆಯುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಹತ್ತು ಹದಿನೈದು ದಿನ ಗೋಡೆ ಆರುವುದೇ ಇಲ್ಲ. ಬಯಲುಸೀಮೆಯಲ್ಲಿ ಹತ್ತು ವರ್ಷ ತಡೆಯುವ ಬೋಲ್ಟಿನ ತೂತು ಇಲ್ಲಿ ಎರಡು ಮಳೆಗಾಲಕ್ಕೆ ಬಾಯಿ ಬಿಡುತ್ತದೆ.

ಇನ್ನೊಂದು ವಿಷಯ, ಇದು ಸೋರಿಕೆಗಿಂತ ದೊಡ್ಡದು. ಆ ಫ್ರೇಮನ್ನು ಸಜ್ಜಾ ಮೇಲೆ ಕೂರಿಸಿ ಮೇಲಿಂದ ಡ್ರಿಲ್ ಹೊಡೆದಿದ್ದಾರಾ ಅಂತ ನೋಡಿಸಿ. ಸಜ್ಜಾ, ಚಾಚಿದ ಬಾಲ್ಕನಿ ಇವುಗಳಲ್ಲಿ ಭಾರ ಹೊರುವ ಮುಖ್ಯ ಕಂಬಿ ಇರುವುದು ಮೇಲ್ಭಾಗದಲ್ಲಿ, ಒಳಗಿನ ರೂಮಿನ ಮೋಲ್ಡಿನ ಹಾಗೆ ಕೆಳಗಲ್ಲ. ಅದರ ಮೇಲಿರುವ ಕಾಂಕ್ರೀಟ್ ಪದರ ಸುಮಾರು 20ರಿಂದ 25 ಮಿಲಿಮೀಟರ್, ಅಷ್ಟೇ. ಮೇಲಿಂದ ಕೊರೆದರೆ ಡ್ರಿಲ್ಲು ಸೀದಾ ಕಂಬಿಗೆ ತಾಗುತ್ತದೆ, ಆ ತೂತಿನಲ್ಲೇ ನೀರೂ ಇಳಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿದ್ದದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಹಳೇ ಕಟ್ಟಡಗಳಲ್ಲಿ ಸಜ್ಜಾದಿಂದ ಚಕ್ಕೆ ಚಕ್ಕೆ ಉದುರುವುದನ್ನು ನೋಡಿರುತ್ತೀರಿ, ಅದು ಇದೇ. ಕೆಳಗೆ ಮಕ್ಕಳು ಓಡಾಡುವ ಜಾಗ ಇದ್ದರೆ ಈ ಒಂದು ಕೆಲಸ ಮುಂದಕ್ಕೆ ಹಾಕಬೇಡಿ.

ಈಗ ಪರೀಕ್ಷೆ. ಮಳೆ ಬಿಡುವು ಕೊಟ್ಟಾಗ ಬಾಲ್ಕನಿಯ ನೀರಿನ ತೂತಿಗೆ ಬಟ್ಟೆ ತುರುಕಿ, ಬಾಗಿಲ ಹೊಸ್ತಿಲು ದಾಟದ ಹಾಗೆ ಒಂದೂವರೆ ಎರಡು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಶುರು ಮಾಡುವ ಮೊದಲು ಕೆಳಗಿನ ಗೋಡೆಯ ಒದ್ದೆ ಎಲ್ಲಿಯವರೆಗಿದೆ ಅಂತ ಪೆನ್ಸಿಲ್ ಗೆರೆ ಎಳೆದು ಫೋಟೋ ತೆಗೆಯಿರಿ. ಮಾರನೇ ದಿನ ಒದ್ದೆ ಗೆರೆ ದಾಟಿದರೆ ದೋಷ ನೆಲದ್ದು. ದಾಟದಿದ್ದರೆ ನಾಲ್ಕೈದು ದಿನ ಆರಲು ಬಿಟ್ಟು, ಹೊರಗಿನಿಂದ ಶೀಟು ಗೋಡೆ ಸೇರುವ ಜಾಗಕ್ಕೆ ಪೈಪಿನಲ್ಲಿ ಒಂದು ಗಂಟೆ ನೀರು ಬಿಡಿ. ಆಗ ಒದ್ದೆಯಾದರೆ ಬೋಲ್ಟು. ಎರಡರಲ್ಲೂ ಆಗದಿದ್ದರೆ ನೀರು ಬೇರೆ ಕಡೆಯಿಂದ ಬರುತ್ತಿದೆ. ಮಳೆನೀರಿನ ಕೊಳವೆಯೋ, ಹೊರಗೋಡೆಯ ಬಿರುಕೋ ಇರಬಹುದು, ಅದು ಎಲ್ಲರ ಆಸ್ತಿ, ಸಂಘದ ಹಣದಿಂದಲೇ ಆಗಬೇಕು. ಪರೀಕ್ಷೆ ಮಾಡುವಾಗ ಸಂಘದವರೊಬ್ಬರು, ಅಜ್ಜಿ ಮನೆಯವರೊಬ್ಬರು ಎದುರಿಗೆ ಇರಲಿ. ಆಮೇಲೆ ಯಾರೂ ಮಾತು ಬದಲಿಸುವ ಹಾಗಿರುವುದಿಲ್ಲ.

ಯಾವುದು ಯಾರದು ಅನ್ನುವುದಕ್ಕೆ ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ ಇದೆ. ಪಾಯ, ಕಂಬ, ಬೀಮು, ಮುಖ್ಯ ಗೋಡೆ, ಮೇಲಿನ ತಾರಸಿ, ಮೆಟ್ಟಿಲು ಎಲ್ಲರಿಗೂ ಸೇರಿದ್ದು ಅನ್ನುತ್ತದೆ ಅದು. ಅದರ 8ನೇ ಸೆಕ್ಷನ್ ಇನ್ನೂ ಖಡಕ್ಕಾಗಿದೆ. ಕಟ್ಟಡದ ಗಟ್ಟಿತನಕ್ಕೆ, ಸುರಕ್ಷತೆಗೆ ಧಕ್ಕೆ ತರುವ, ಬೆಲೆ ಇಳಿಸುವ ಕೆಲಸವನ್ನಾಗಲಿ, ದೊಡ್ಡ ಹೊಸ ಕಟ್ಟೋಣವನ್ನಾಗಲಿ ಉಳಿದ ಎಲ್ಲ ಮಾಲೀಕರ ಒಪ್ಪಿಗೆ ಮೊದಲೇ ಪಡೆಯದೆ ಮಾಡುವ ಹಾಗಿಲ್ಲ. ಎಲ್ಲರದು ಅಂದರೆ ಎಲ್ಲರದು, ಅಧ್ಯಕ್ಷರೊಬ್ಬರು ಹೂಂ ಅಂದರೆ ಸಾಲದು. ಈ ಕಾಯ್ದೆ ನಿಮ್ಮ ಕಟ್ಟಡಕ್ಕೆ ಅನ್ವಯ ಆಗಬೇಕಾದರೆ ಡೀಡ್ ಆಫ್ ಡಿಕ್ಲರೇಷನ್, ಅಂದರೆ ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುತ್ತೇವೆ ಅಂತ ಬರೆದುಕೊಡುವ ಘೋಷಣಾ ಪತ್ರ, ರಿಜಿಸ್ಟರ್ ಆಗಿರಬೇಕು. ಎಷ್ಟೋ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಮಾತ್ರ ನೋಂದಣಿ ಆಗಿರುತ್ತವೆ. ನಿಮ್ಮದು ಯಾವುದು ಅಂತ ಕಾಗದ ತೆಗೆಸಿ ನೋಡಿ, ಬೈಲಾ ಪ್ರತಿ ಕೇಳಿ ಪಡೆಯಿರಿ.

ಮಾರಿದವರಿಂದ ವಸೂಲಿ ಮಾಡಬಹುದಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಲ್ಲಿ ಇದ್ದೇ ಇರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ದೊಡ್ಡ ದೋಷ ಇದ್ದರೆ ಮಾರುವವರು ಅದನ್ನು ಹೇಳಲೇಬೇಕು. ಶೀಟು, ಗ್ರಿಲ್ಲು ಕಣ್ಣಿಗೆ ಕಾಣುತ್ತಿತ್ತು, ಅದನ್ನು ಮುಚ್ಚಿಟ್ಟರು ಅಂತ ಹೇಳಲಾಗದು. ಆದರೆ ಟೈಲ್ಸ್ ಕೆಳಗೆ ನೀರಿನ ದಾರಿ ಮುಚ್ಚಿಸಿದ್ದು ಕಾಣುತ್ತಿರಲಿಲ್ಲ. ಹೋದ ಮಳೆಗಾಲದಲ್ಲೂ ಅಜ್ಜಿ ಮನೆಯಿಂದ ಅವರಿಗೆ ದೂರು ಹೋಗಿದ್ದು, ಗೊತ್ತಿದ್ದೂ ನಿಮಗೆ ಹೇಳದೆ ಮಾರಿದ್ದರೆ ನಿಮ್ಮ ಮಾತಿಗೆ ಬಲ ಇದೆ. ಸಂಘದ ವಾಟ್ಸಾಪ್ ಗುಂಪಿನ ಹಳೇ ಮೆಸೇಜು ಹುಡುಕಿಸಿ. ಸಿಕ್ಕಿದರೆ ಮೊದಲು ಒಂದು ಪತ್ರ ಬರೆಯಿರಿ, ಬಗ್ಗದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸು ಹಾಕುವ ಮುಂಚೆಯೇ ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ.

ಬಿಲ್ಡರ್ ಮಾತಿಗೆ ಬರೋಣ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ, ಮನೆ ಕೈಗೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡರೆ ಬಿಲ್ಡರ್ 30 ದಿನದಲ್ಲಿ ತಮ್ಮ ಖರ್ಚಿನಲ್ಲೇ ಸರಿಮಾಡಬೇಕು. ನಿಮ್ಮದು ಹನ್ನೆರಡು ಮನೆ. ಜಾಗ 500 ಚದರ ಮೀಟರ್ ಮೀರಿದ್ದು, ಕಾಯ್ದೆ ಬಂದ ಮೇಲೆ ಮುಗಿದ ಕಟ್ಟಡ ಆಗಿದ್ದರೆ ನೋಂದಣಿ ಆಗಿರಬೇಕು, ನೋಡಿ. ಆದರೆ ನೀವು ಫೋನಲ್ಲಿ ಕೇಳಿದ ಉತ್ತರವನ್ನೇ ಅವರು ಅಲ್ಲೂ ಕೊಡುತ್ತಾರೆ, ಅದರಲ್ಲಿ ಹುರುಳೂ ಇದೆ. ಹೊರಗೆ ಕೈ ಹಾಕಿದ ದಿನವೇ ಬಿಲ್ಡರ್‌ಗೆ ಜಾರಿಕೊಳ್ಳುವ ದಾರಿ ತೆರೆಯುತ್ತದೆ. ಬಾಲ್ಕನಿಗೆ ಶೀಟು ಹಾಕಿಸಬೇಕು ಅಂತಿರುವ ಬೇರೆ ಓದುಗರು ಇದನ್ನು ನೆನಪಿಟ್ಟುಕೊಳ್ಳಿ, ವೆಲ್ಡಿಂಗ್ ಅಂಗಡಿಯವರ ಎಸ್ಟಿಮೇಟಿನಲ್ಲಿ ಈ ನಷ್ಟ ಬರೆದಿರುವುದಿಲ್ಲ.

ಕೊನೆಗೆ ಅಜ್ಜಿ ಮನೆ ವಿಷಯ. ಸಂಘದವರಿಗೆ ಉತ್ತರ ಹೇಳುವ ಮುಂಚೆ ಒಂದು ಸಲ ಕೆಳಗಿಳಿದು ಹೋಗಿ ಅವರ ಗೋಡೆ ನೋಡಿ ಬನ್ನಿ. ವಯಸ್ಸಾದವರು, ಒದ್ದೆ ಗೋಡೆ ಪಕ್ಕ ಮಲಗುವುದು ಎಷ್ಟು ಕಷ್ಟ ಅಲ್ವಾ? ಮಂಚ ಸರಿಸಲು ಕೈ ಕೊಡಿ. ಪೇಂಟ್ ಮಾತ್ರ ಈಗಲೇ ಹೊಡೆಸಬೇಡಿ. ಮೊದಲು ನೀರು ನಿಲ್ಲಬೇಕು, ಆಮೇಲೆ ಉಬ್ಬಿದ ಪುಟ್ಟಿ ಕೆರೆದು ಗೋಡೆ ಪೂರ್ತಿ ಆರಲು ಬಿಡಬೇಕು, ಬಿಸಿಲು ಬಂದ ಮೇಲೆ ಹೊಡೆಸಿದರೆ ನಿಲ್ಲುತ್ತದೆ. ಆಶ್ಲೇಷ ಮಳೆಯಲ್ಲಿ ಹೊಡೆಸಿದ ಪೇಂಟ್ ದೀಪಾವಳಿ ಹೊತ್ತಿಗೆ ಮತ್ತೆ ಉದುರುತ್ತದೆ. ಹೊಡೆಸಿಕೊಡುತ್ತೇವೆ ಅಂತ ಒಂದು ಚೀಟಿ ಬರೆದುಕೊಡಿ, ಅಷ್ಟಕ್ಕೇ ಅವರಿಗೆ ಅರ್ಧ ಸಮಾಧಾನ ಆಗುತ್ತದೆ.

ಪ್ರಶ್ನೆ: ಹಾಸನದ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಾನು ಕಾರ್ಯದರ್ಶಿ. ಹೊರಗಿನ ಪೇಂಟಿಂಗ್ ಮಾಡಿಸಬೇಕು. ಇಪ್ಪತ್ತನಾಲ್ಕು ಮನೆಗಳಲ್ಲಿ ಒಂಬತ್ತು ಮನೆಯವರು ತಮ್ಮಿಷ್ಟದ ಗ್ರಿಲ್ಲು, ಶೀಟು, ಬಟ್ಟೆ ಒಣಹಾಕುವ ಸ್ಟ್ಯಾಂಡು ಹಾಕಿಸಿದ್ದಾರೆ. ಅವನ್ನೆಲ್ಲ ಬಿಚ್ಚಿ ಮತ್ತೆ ಕೂರಿಸಲು ಪೇಂಟಿಂಗ್ ಕಂಟ್ರಾಕ್ಟರ್ ಬೇರೆ ದುಡ್ಡು ಕೇಳುತ್ತಿದ್ದಾರೆ. ಏನೂ ಹಾಕಿಸದ ಹದಿನೈದು ಮನೆಯವರು ನಾವು ಕೊಡಲ್ಲ ಅಂತಾರೆ. ನಾಳೆ ಸಭೆಯಲ್ಲಿ ಏನು ಹೇಳಲಿ?

ಉತ್ತರ: ಹದಿನೈದು ಮನೆಯವರು ಹೇಳುವುದು ಸರಿ ಸರ್. ಗೋಡೆಗೆ ಪೇಂಟ್ ಹೊಡೆಯುವ ಖರ್ಚು ಎಲ್ಲರದು, ಆ ಗೋಡೆಗೆ ತಗುಲಿಸಿದ್ದನ್ನು ಬಿಚ್ಚಿ ಕೂರಿಸುವ ಖರ್ಚು ತಗುಲಿಸಿದವರದು. ಬಿಚ್ಚಿದಾಗ ಉಳಿಯುವ ತೂತು ಮುಚ್ಚುವುದೂ ಅವರದೇ. ಕಂಟ್ರಾಕ್ಟರ್ ಹತ್ತಿರ ಎರಡು ಬೇರೆ ಬೇರೆ ಕೊಟೇಶನ್ ಕೇಳಿ, ಒಂದು ಇಡೀ ಕಟ್ಟಡಕ್ಕೆ, ಇನ್ನೊಂದು ಮನೆ ಮನೆಗೆ. ಎರಡನ್ನೂ ಸಭೆಯ ಮುಂದಿಡಿ, ಬಾಯಿ ಲೆಕ್ಕ ಹೇಳಿದರೆ ರಾತ್ರಿ ಹನ್ನೊಂದಾದರೂ ಸಭೆ ಮುಗಿಯುವುದಿಲ್ಲ.

ಆದರೆ ಒಂಬತ್ತು ಮನೆಯವರ ಮೇಲೆ ಒಂದೇ ಸಲ ಎಗರಿ ಬೀಳಬೇಡಿ. ಇಷ್ಟು ವರ್ಷ ಸಂಘ ಕಣ್ಣಾರೆ ನೋಡಿಕೊಂಡು ಸುಮ್ನೆ ಇತ್ತು, ಅದೂ ನಮ್ಮದೇ ತಪ್ಪು ಅಂತ ನೀವೇ ಮೊದಲು ಸಭೆಯಲ್ಲಿ ಒಪ್ಪಿಕೊಳ್ಳಿ. ಆಮೇಲೆ ನಾಲ್ಕೂ ಕಡೆಯ ಫೋಟೋ ತೆಗೆಸಿ, ಯಾವ ಮನೆಯದು ಏನಿದೆ ಅಂತ ಪಟ್ಟಿ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಅಪಾಯ ಇರುವಂಥದ್ದು, ಅಂದರೆ ಸಜ್ಜಾ ಮೇಲೆ ಭಾರ ಹಾಕಿದ್ದು, ಮಳೆನೀರಿನ ಕೊಳವೆ ಮುಚ್ಚಿದ್ದು, ಬಾಲ್ಕನಿಗೆ ಇಟ್ಟಿಗೆ ಕಟ್ಟಿ ರೂಮು ಮಾಡಿದ್ದು, ಇವನ್ನು ಬಿಚ್ಚಲೇಬೇಕು ಅನ್ನಿ. ಉಳಿದದ್ದಕ್ಕೆ ಒಂದು ಮುಚ್ಚಳಿಕೆ ಬರೆಸಿಕೊಂಡು ಇರಲಿ ಬಿಡಿ. ಬರಹ ಹೀಗಿದ್ದರೆ ಸಾಕು: "ನಮ್ಮ ಮನೆಯ ಹೊರಗೆ ನಾವು ಹಾಕಿಸಿರುವ ಗ್ರಿಲ್ ಮತ್ತು ಶೀಟಿನ ನಿರ್ವಹಣೆ ನಮ್ಮದು. ಅದರಿಂದ ಕಟ್ಟಡಕ್ಕಾಗಲಿ, ಬೇರೆ ಮನೆಗಾಗಲಿ, ಜನರಿಗಾಗಲಿ ಹಾನಿಯಾದರೆ ನಾವೇ ಭರಿಸುತ್ತೇವೆ. ಕಟ್ಟಡದ ಕೆಲಸಕ್ಕೆ ಬಿಚ್ಚಬೇಕಾದರೆ ನಮ್ಮ ಖರ್ಚಿನಲ್ಲಿ ಬಿಚ್ಚುತ್ತೇವೆ. ಮನೆ ಮಾರುವಾಗ ಕೊಳ್ಳುವವರಿಗೆ ಈ ಪತ್ರ ತೋರಿಸುತ್ತೇವೆ." ಕೊನೆಯ ಸಾಲು ಬಿಡಬೇಡಿ. ಮೇಲಿನ ಚಿಕ್ಕಮಗಳೂರಿನ ಓದುಗರಿಗೆ ಮನೆ ಮಾರಿದವರಿಂದ ಸಂಘ ಈ ಒಂದು ಸಾಲು ಬರೆಸಿಕೊಂಡಿದ್ದರೆ ಇವತ್ತು ಈ ಜಗಳವೇ ಇರುತ್ತಿರಲಿಲ್ಲ. ಮಾರಾಟಕ್ಕೆ ಮುಂಚೆ ಬಾಕಿ ಇಲ್ಲ ಅಂತ ಸಂಘದಿಂದ ಪತ್ರ ಕೇಳಲು ಬರುತ್ತಾರಲ್ಲ, ಆಗ ಆ ಪತ್ರದ ಜೊತೆ ಇದರ ಪ್ರತಿಯನ್ನೂ ಸೇರಿಸಿ ಕೊಡಿ.

ಒಂದು ಎಚ್ಚರಿಕೆ. ಸಂಘ ಒಪ್ಪಿತು ಅಂದ ಮಾತ್ರಕ್ಕೆ ನಕ್ಷೆ ಬದಲಾಗುವುದಿಲ್ಲ. ಬಾಲ್ಕನಿ ಅಂತ ಮಂಜೂರಾದದ್ದನ್ನು ರೂಮು ಮಾಡಿದರೆ ಅದು ನಕ್ಷೆ ಉಲ್ಲಂಘನೆಯೇ, ಅದಕ್ಕೆ ಪರವಾನಗಿ ಕೊಡುವವರು ಊರಿನ ಸ್ಥಳೀಯ ಸಂಸ್ಥೆಯವರು. ನಿಮ್ಮ ಸಹಿ ಅಲ್ಲಿ ನಡೆಯುವುದಿಲ್ಲ, ಆದ್ದರಿಂದ ಹಾಕಲೂ ಹೋಗಬೇಡಿ.

ಪ್ರಶ್ನೆ: ನನಗೊಬ್ಬಳಿಗೇ ನೋಟಿಸು ಕೊಟ್ಟಿದ್ದಾರೆ. ಅಧ್ಯಕ್ಷರ ಮನೆ ಬಾಲ್ಕನಿಗೆ ಗಾಜು ಹಾಕಿಸಿ ನಾಲ್ಕು ವರ್ಷವಾಯಿತು, ಅದನ್ನು ಯಾರೂ ಕೇಳಲ್ಲ. ನಾನು ತೆಗೆಸಬೇಕಾ? (ಚಿಕ್ಕಮಗಳೂರು)

ಉತ್ತರ: ಅವರು ತೆಗೆಸಿಲ್ಲ ಅನ್ನುವುದು ನಿಮ್ಮದನ್ನು ಸರಿ ಮಾಡುವುದಿಲ್ಲ ಮೇಡಂ. ಆದರೆ ಸಂಘ ಒಬ್ಬರಿಗೊಂದು ನ್ಯಾಯ ಇನ್ನೊಬ್ಬರಿಗೊಂದು ನ್ಯಾಯ ಮಾಡುವುದೂ ತಪ್ಪು, ಆ ನೋಟಿಸು ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟ. ನೋಟಿಸಿಗೆ ಲಿಖಿತ ಉತ್ತರ ಕೊಡಿ. ಬೈಲಾದ ಯಾವ ನಿಯಮ ಮುರಿದಿದ್ದೇನೆ ತಿಳಿಸಿ, ಅದೇ ನಿಯಮ ಉಳಿದ ಮನೆಗಳಿಗೂ ಯಾವಾಗಿನಿಂದ ಜಾರಿ ಅಂತಲೂ ತಿಳಿಸಿ ಅನ್ನಿ. ಅಧ್ಯಕ್ಷರ ಹೆಸರು ಎತ್ತಬೇಡಿ, ಎತ್ತಿದರೆ ವಿಷಯ ಬಿಟ್ಟು ವ್ಯಕ್ತಿ ಹಿಡಿದುಕೊಳ್ಳುತ್ತಾರೆ. ಎಲ್ಲರಿಗೂ ಒಂದೇ ದಿನಾಂಕ ಇಟ್ಟರೆ ನೀವೂ ಮರು ಮಾತಿಲ್ಲದೆ ತೆಗೆಸಿ.

ಪ್ರಶ್ನೆ: ಹಾಸನದಲ್ಲಿ ಮೇಲಿನ ಮಹಡಿಯ ಫ್ಲ್ಯಾಟ್ ನಮ್ಮದು. ತಾರಸಿ ಮೇಲೆ ನಮ್ಮೊಬ್ಬರ ಖರ್ಚಿನಲ್ಲಿ ಸೋಲಾರ್ ಪ್ಯಾನೆಲ್ ಹಾಕಿಸಬಹುದಾ? ಮನೆ ಮೇಲಿನ ತಾರಸಿ ನಮ್ಮದೇ ಅಲ್ಲವಾ?

ಉತ್ತರ: ನಿಮ್ಮ ತಲೆ ಮೇಲೆ ಇದ್ದರೂ ತಾರಸಿ ಎಲ್ಲರದು. ನಿಮ್ಮ ಕ್ರಯಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಲೆಕ್ಕ ಬೇರೆ. ಒಪ್ಪಿಗೆ ಇಲ್ಲದೆ ಹಾಕಿಸಿದರೆ ನಾಳೆ ತಾರಸಿ ಸೋರಿದಾಗ ಎಲ್ಲರೂ ನಿಮ್ಮ ಕಡೆ ಬೆರಳು ತೋರಿಸುತ್ತಾರೆ, ನಿಮ್ಮ ಮನೆಯೇ ಮೊದಲು ನೆನೆಯುತ್ತದೆ ಅನ್ನುವುದು ಬೇರೆ ಮಾತು.

ನನ್ನ ಸಲಹೆ, ಒಬ್ಬರೇ ಹಾಕಿಸುವ ಬದಲು ಸಂಘದ ಹೆಸರಲ್ಲಿ ಹಾಕಿಸಿ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಗಳಿಗೆ ಲಿಫ್ಟು, ಪಂಪು, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಗೆ ಪ್ರತಿ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ ಒಟ್ಟು 500 ಕಿಲೋವ್ಯಾಟ್ ತನಕ. ಅರ್ಜಿ ಹಾಕುವ ಮುಂಚೆ ಈಗಿನ ನಿಯಮ ಏನಿದೆ ಅಂತ ನಿಮ್ಮ ಕಡೆ ಕರೆಂಟ್ ಕೊಡುವ ಸೆಸ್ಕ್ ಕಂಪನಿಯ ಕಚೇರಿಯಲ್ಲಿ ವಿಚಾರಿಸಿ. ಸಾಮಾನ್ಯ ಕರೆಂಟ್ ಬಿಲ್ಲು ಇಳಿದರೆ ತಿಂಗಳ ಮೆಂಟೆನೆನ್ಸಿನ ಭಾರ ಎಲ್ಲರಿಗೂ ಕಡಿಮೆಯಾಗುತ್ತದೆ, ಆಗ ಒಪ್ಪಿಗೆ ಸಿಗುವುದೂ ಸುಲಭ. ಯಾರ ಹೆಸರಲ್ಲೇ ಹಾಕಿಸಿ, ಸ್ಟ್ಯಾಂಡ್ ಕೂರಿಸಲು ತಾರಸಿ ಕೊರೆಯಲು ಬಿಡಬೇಡಿ. ಕಾಂಕ್ರೀಟ್ ದಿಮ್ಮಿ ಇಟ್ಟು ಅದರ ಮೇಲೆ ಕೂರಿಸುವ ವಿಧಾನ ಇದೆ. ನೀರು ಹರಿದು ಹೋಗುವ ದಾರಿಗೆ ದಿಮ್ಮಿ ಅಡ್ಡ ಬರದ ಹಾಗೆ, ಗಾಳಿಗೆ ಪ್ಯಾನೆಲ್ ಏಳದಷ್ಟು ಭಾರ ಇರುವ ಹಾಗೆ, ಆ ಭಾರವನ್ನು ತಾರಸಿ ತಡೆಯುವ ಹಾಗೆ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ.

ಪ್ರಶ್ನೆ: ನಾವು ಬಾಡಿಗೆಗೆ ಇರೋದು, ಮೂರನೇ ಮಹಡಿ. ಮಗಳಿಗೆ ಒಂದೂವರೆ ವರ್ಷ, ಬಾಲ್ಕನಿ ಕಂಬಿ ಹತ್ತೋಕೆ ಶುರು ಮಾಡಿದ್ದಾಳೆ. ಗ್ರಿಲ್ ಹಾಕಿಸೋಣ ಅಂದರೆ ಮನೆ ಓನರ್ ಸಂಘವನ್ನು ಕೇಳಿ ಅಂತಾರೆ, ಸಂಘದವರು ಓನರ್ ಬರೆದುಕೊಡಲಿ ಅಂತಾರೆ. ಎರಡು ತಿಂಗಳಾಯಿತು. (ಹಾಸನ)

ಉತ್ತರ: ಕಾಗದ ಬರುವ ತನಕ ಕಾಯಬೇಡಿ ತಾಯಿ. ಇವತ್ತೇ ಬಾಲ್ಕನಿಯ ಒಳಭಾಗದಲ್ಲಿ ಗಟ್ಟಿ ನೈಲಾನ್ ಬಲೆ ಕಟ್ಟಿಸಿ. ಕಂಬಿಗೇ ಕಟ್ಟಿದರೆ ಗೋಡೆಗೆ ಡ್ರಿಲ್ ಬೇಕಾಗುವುದಿಲ್ಲ, ಯಾರ ಒಪ್ಪಿಗೆಯೂ ಬೇಡ. ಕುರ್ಚಿ, ಕುಂಡ, ಬಕೆಟ್ಟು, ಮಗು ಹತ್ತಿ ನಿಲ್ಲುವಂಥದ್ದು ಯಾವುದೂ ಬಾಲ್ಕನಿಯಲ್ಲಿ ಇರದಿರಲಿ. ಬಾಗಿಲಿಗೆ ಮೇಲ್ಗಡೆ ಒಂದು ಚಿಲಕ ಹಾಕಿಸಿ.

ಗ್ರಿಲ್ಲಿಗೆ ಕೇಳಬೇಕಾದವರು ನಿಮ್ಮ ಓನರೇ, ಯಾಕೆಂದರೆ ಆಮೇಲಿನ ಹೊಣೆ ಅವರದು, ನೀವು ಮನೆ ಬಿಟ್ಟ ಮೇಲೂ ಅದು ಅವರ ಗೋಡೆಯಲ್ಲೇ ಇರುತ್ತದೆ. ಅರ್ಜಿ ನೀವೇ ಬರೆದು ಅವರ ಸಹಿಗೆ ಕಳಿಸಿ, ಬರೆಯುವ ಸೋಮಾರಿತನಕ್ಕೇ ಎಷ್ಟೋ ಕೆಲಸ ನಿಂತಿರುತ್ತದೆ. ಒಪ್ಪಿಗೆ ಸಿಕ್ಕಿದರೆ ಗ್ರಿಲ್ಲಿನ ಒಂದು ಭಾಗ ಬಾಗಿಲ ಹಾಗೆ ತೆರೆಯುವಂತಿರಲಿ, ಒಳಗೆ ಬೆಂಕಿ ಹೊತ್ತಿಕೊಂಡರೆ ಹೊರಗೆ ಬರಲು ಅದೊಂದೇ ದಾರಿ ಆಗಬಹುದು. ಅದರ ಬೀಗದ ಕೈ ಮಗುವಿಗೆ ಸಿಗದ ಎತ್ತರದಲ್ಲಿ, ನಿಮಗೆ ಕತ್ತಲಲ್ಲೂ ಸಿಗುವ ಜಾಗದಲ್ಲಿ ಮೊಳೆಗೆ ನೇತು ಹಾಕಿ.